ನಮ್ಮ ಮನೆಯ ಮೋರಿ

ಮೋರಿಯ ಮೇಲೆ ಪ್ರಬಂಧ ಬರೆಯುವವನನ್ನು ಕಂಡು ಓದುಗರು ಮೂಗು ಮುಚ್ಚಿಕೊಂಡರೆ ನನಗೇನೂ ಬೇಸರವಿಲ್ಲ. ಮೋರಿಯ ಮುಂದೆ ಮೂಗು ಮುಚ್ಚಿಕೊಳ್ಳುವುದು ನಮ್ಮ ಊರಿನಲ್ಲಿ ಎಲ್ಲರೂ ಮಾಡುವ ಕೆಲಸವೇ. ನಾನೂ ಮೂವತ್ತು ವರ್ಷ ಅದನ್ನೇ ಮಾಡಿದವನು. ಬೆಳಿಗ್ಗೆ ಮೂಗು ಮುಚ್ಚಿಕೊಂಡು ಮೋರಿ ದಾಟಿ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಕರಿಹಲಗೆಯ ಮೇಲೆ ನಕ್ಷೆ ಬರೆದು, ‘ವೃಷಭಾವತಿ ಅರ್ಕಾವತಿಯ ಉಪನದಿ, ಅರ್ಕಾವತಿ ಕಾವೇರಿಯ ಉಪನದಿ’ ಎಂದು ಮಕ್ಕಳಿಂದ ಹೇಳಿಸುತ್ತಿದ್ದೆ. ನದಿಗೆ ನೀಲಿ ಬಣ್ಣ ಹಾಕದ ಹುಡುಗರಿಗೆ ಅರ್ಧ ಅಂಕ ಕಳೆಯುತ್ತಿದ್ದೆ. ದಾಟಿ ಬಂದ ಮೋರಿಗೂ ಹಲಗೆಯ ಮೇಲಿನ ಗೆರೆಗೂ ಏನಾದರೂ ನಂಟಿರಬಹುದೆಂದು ಒಂದು ದಿನವಾದರೂ ನನಗೆ ಹೊಳೆಯಲಿಲ್ಲ. ಭೂಗೋಳದ ಮೇಷ್ಟರು ಭೂಮಿಯನ್ನು ನೋಡಿಕೊಂಡು ನಡೆಯಬೇಕೆಂದು ಯಾವ ಇಲಾಖೆಯೂ ನಿಯಮ ಮಾಡಿಲ್ಲವಷ್ಟೆ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ದೊಡ್ಡ ಬಸವಣ್ಣನ ಗುಡಿ. ಆ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂದು ಹಿರಿಯರ ನಂಬಿಕೆ. ಹೆಸರು ಬಂದದ್ದೂ ಅದಕ್ಕೇ. ನಮ್ಮ ಬೀದಿಯಲ್ಲಿ ಬಿದ್ದ ಮಳೆ ಮೋರಿಗಿಳಿದು, ಮೋರಿಯಿಂದ ದೊಡ್ಡ ಕಾಲುವೆಗೆ ಸೇರಿ, ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವ ಆ ಹೊಳೆಯನ್ನು ಕೂಡಿಕೊಳ್ಳುತ್ತದೆ. ಹೊಳೆ ಎಂದೆನಷ್ಟೆ, ಬಸ್ಸಿನಲ್ಲಿ ಕೆಂಗೇರಿಗೆ ಹೋಗುವವರು ಅದನ್ನು ‘ದೊಡ್ಡ ಮೋರಿ’ ಎಂದೇ ಕರೆಯುತ್ತಾರೆ, ಕಿಟಕಿ ಮುಚ್ಚುತ್ತಾರೆ.

ನನ್ನ ಕಣ್ಣು ತೆರೆದದ್ದು ಬಹಳ ದೂರದಲ್ಲಿ. ನಿವೃತ್ತನಾದ ಮೇಲೆ, 2018ರಲ್ಲಿ, ನಾನೂ ನನ್ನಾಕೆಯೂ ಮಗಳ ಮನೆಗೆಂದು ಅಮೆರಿಕಕ್ಕೆ ಹೋದೆವು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಎಂಬ ಊರು. ಬೇಸಿಗೆ, ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಬೀಳುವುದಿಲ್ಲ. ರಸ್ತೆಯ ಅಂಚಿನ ಕಾಲುವೆಗಳು ಊಟಕ್ಕೆ ಎಲೆ ಹಾಕಬಹುದು ಎನ್ನುವ ಹಾಗೆ ಒಣಗಿ ಬಿದ್ದಿದ್ದವು. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರು. ನನಗೆ ಹೊತ್ತು ಹೋಗದು. ಒಂದು ಶನಿವಾರ ಬೆಳಿಗ್ಗೆ, ಅಳಿಯ ಇನ್ನೂ ಮಲಗಿರುವಾಗ, ಅವರ ಕಾರನ್ನು ತೊಳೆದುಬಿಡೋಣವೆಂದು ಬಕೆಟ್ಟಿನಲ್ಲಿ ಸೋಪಿನಪುಡಿ ಕಲಸಿಕೊಂಡು ಅಂಗಳಕ್ಕಿಳಿದೆ. ನೊರೆ ಚೆನ್ನಾಗಿ ಎದ್ದಿತು. ಅಂಗಳದ ಇಳಿಜಾರಿನಲ್ಲಿ ಬಿಳಿಯ ಹಾವಿನಂತೆ ಹರಿದು ರಸ್ತೆಯ ಕಾಲುವೆಗೆ ಇಳಿಯಿತು. ಅಷ್ಟರಲ್ಲಿ ಮಗಳು ಓಡಿ ಬಂದಳು.

“ಅಪ್ಪಾ, ನಿಲ್ಲಿಸಿ, ನಿಲ್ಲಿಸಿ!”

ನನ್ನ ಸೊಂಟನೋವಿನ ಮೇಲೆ ಅವಳಿಗೆ ಕನಿಕರ ಹುಟ್ಟಿತೆಂದುಕೊಂಡು, “ಪರವಾಗಿಲ್ಲಮ್ಮ, ಇದೇನು ಮಹಾ ಕೆಲಸ” ಎಂದೆ. ಅವಳ ಕನಿಕರ ಬೇರೆಯವರ ಮೇಲಿತ್ತು. ಕೈ ಹಿಡಿದು ಬೀದಿಯ ಮೂಲೆಗೆ ಕರೆದುಕೊಂಡು ಹೋಗಿ, ಮಳೆನೀರು ಇಳಿಯುವ ಕಂಡಿಯ ಬಳಿ ನಿಲ್ಲಿಸಿದಳು. ಅಲ್ಲಿ ಒಂದು ಮೀನಿನ ಚಿತ್ರ. ಅದರ ಜೊತೆ, ಇಲ್ಲಿ ಏನನ್ನೂ ಸುರಿಯಬೇಡಿ, ಇದು ಕೊಲ್ಲಿಗೆ ಹರಿಯುತ್ತದೆ ಎಂಬರ್ಥದ ಬರಹ.

“ಬಚ್ಚಲ ನೀರು, ಕಕ್ಕಸಿನ ನೀರು ಒಂದು ಕೊಳವೆಯಲ್ಲಿ ಶುದ್ಧಮಾಡುವ ಕಡೆಗೆ ಹೋಗುತ್ತೆ ಅಪ್ಪಾ. ಇದು ಬೇರೆ. ಇದಕ್ಕೆ ಬಿದ್ದದ್ದು ಬಿದ್ದ ಹಾಗೇ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ನಡುವೆ ಯಾರೂ ಶುದ್ಧ ಮಾಡುವವರಿಲ್ಲ.”

ಮನೆಯವರು ತಮ್ಮ ಕಾರು ತೊಳೆದುಕೊಂಡರೆ ದಂಡವೇನೂ ಇಲ್ಲವಂತೆ. ಆದರೆ ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಿರಿ, ನೀರು ಮಣ್ಣಿಗೆ ಇಂಗಲಿ ಎಂದು ಊರಿನವರು ಕೇಳಿಕೊಳ್ಳುತ್ತಾರಂತೆ. ಕಾರನ್ನು ಹುಲ್ಲಿನ ಮೇಲೆ ಮೇಯಲು ಬಿಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಅಂದಿನ ಮಧ್ಯಾಹ್ನ ಮಗಳು ಈ ವಿಚಾರದ ಕಾಗದಗಳನ್ನೆಲ್ಲ ತೆಗೆದು ಓದಿ ಹೇಳಿದಳು. ನನಗೆ ಸೋಜಿಗವಾದದ್ದು ಒಂದೇ ಸಂಗತಿ. ಆ ದೇಶದಲ್ಲಿ ಮಳೆನೀರಿನ ಮೋರಿಗೆ ನಗರಸಭೆಯೇ ಪರವಾನಗಿ ಪಡೆಯಬೇಕು! ಹೋಟೆಲಿಗೆ, ಮದುವೆ ಛತ್ರಕ್ಕೆ, ಪಟಾಕಿ ಅಂಗಡಿಗೆ ಪರವಾನಗಿ ಕೊಡುವ ನಗರಸಭೆ ತಾನೇ ಇನ್ನೊಬ್ಬರ ಮುಂದೆ ಅರ್ಜಿ ಹಿಡಿದು ನಿಲ್ಲುವ ಚಿತ್ರ ನನಗೆ ಬಹಳ ಹಿಡಿಸಿತು. 1972ರಲ್ಲಿ ಅವರು ಶುದ್ಧಜಲದ ಕಾನೂನು ಮಾಡಿದಾಗ ಕಾರ್ಖಾನೆಯ ಕೊಳವೆ, ಕೊಳಚೆಯ ಕೊಳವೆಗಳ ಮೇಲೆಯೇ ಹೆಚ್ಚು ಕಣ್ಣು. ಅವನ್ನು ಕಟ್ಟಿಹಾಕಿದರೂ ಹೊಳೆಗಳು ನಿರೀಕ್ಷಿಸಿದಷ್ಟು ತಿಳಿಯಾಗಲಿಲ್ಲ. ರಸ್ತೆ ತೊಳೆದು ಬರುವ ಮಳೆನೀರೇ ಒಂದು ದೊಡ್ಡ ಕಾರ್ಖಾನೆಯಷ್ಟು ಹೊಲಸು ತರುತ್ತಿತ್ತು. 1987ರಲ್ಲಿ ಕಾನೂನನ್ನು ತಿದ್ದಿದರು. 1990ರಲ್ಲಿ ಲಕ್ಷಕ್ಕೆ ಮೀರಿದ ಜನವಿರುವ ಊರುಗಳಿಗೆ, ಆಮೇಲೆ ಸಣ್ಣ ಊರುಗಳಿಗೂ ನಿಯಮ ಬಂತು. ಆ ಕೊಲ್ಲಿಯ ಸುತ್ತಲ ಎಪ್ಪತ್ತಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ 2009ರಲ್ಲಿ ಒಟ್ಟಿಗೆ ಒಂದೇ ಪರವಾನಗಿ ಕೊಟ್ಟರಂತೆ. ಬೀದಿ ಗುಡಿಸಬೇಕು, ಕಸ ಹೊಳೆಗೆ ಹೋಗದಂತೆ ತಡೆಯಬೇಕು, ಮನೆ ಕಟ್ಟುವವರ ಮಣ್ಣೂ ಸಿಮೆಂಟೂ ಕಾಲುವೆಗೆ ಬರದಂತೆ ನೋಡಬೇಕು, ಜನಕ್ಕೆ ತಿಳಿಯಹೇಳಬೇಕು, ಮಾಡಿದ್ದನ್ನು ವರ್ಷ ವರ್ಷ ಬರೆದೊಪ್ಪಿಸಬೇಕು.

ಅಲ್ಲಿಯ ಹೊಳೆಗಳೆಲ್ಲ ಸ್ಫಟಿಕದಂತಿವೆ ಎಂದು ಓದುಗರು ತಿಳಿಯಬಾರದು. ಗ್ವಾಡಲೂಪೆ ಎಂಬ ಹೊಳೆಯ ದಂಡೆಯಲ್ಲಿ ಸಂಜೆ ನಡೆಯುತ್ತಿದ್ದಾಗ ಪ್ಲಾಸ್ಟಿಕ್ ಚೀಲಗಳನ್ನೂ ಅಂಗಡಿಯ ತಳ್ಳುಗಾಡಿಯೊಂದನ್ನೂ ನೀರಿನಲ್ಲಿ ಕಂಡಿದ್ದೇನೆ. ಮೇಲಿನ ಗುಡ್ಡದಲ್ಲಿ ಹಿಂದಿನ ಕಾಲದ ಪಾದರಸದ ಗಣಿಯಿತ್ತಂತೆ. ಆ ಹೊಳೆಯ ಮೀನನ್ನು ಹಿಡಿದು ತಿನ್ನಬೇಡಿ ಎಂದು ಇವತ್ತಿಗೂ ಎಚ್ಚರಿಸುತ್ತಾರೆ. ಕಾನೂನು ಮಾಡಿದ ಮಾತ್ರಕ್ಕೆ ಹೊಳೆ ಹಿಂದಿನದನ್ನೆಲ್ಲ ಮರೆಯುವುದಿಲ್ಲ.

ಮಗಳು ಓದುತ್ತಾ ಓದುತ್ತಾ ಒಂದು ಕಡೆ ನಿಂತಳು. ಮಳೆನೀರಿನ ಕಾಲುವೆಗೆ ಗುಟ್ಟಾಗಿ ಬಚ್ಚಲು ಕಕ್ಕಸುಗಳ ಕೊಳವೆ ಸೇರಿಸಿರುವವರನ್ನು ನಗರಸಭೆಯೇ ಹುಡುಕಿ ತೆಗೆಯಬೇಕೆಂದು ಪರವಾನಗಿಯಲ್ಲಿ ಬರೆದಿತ್ತು. ಅನುಮಾನವಿದ್ದ ಮನೆಯ ಬಚ್ಚಲಿಗೆ ಬಣ್ಣದ ನೀರು ಹೊಯ್ದು, ಅದು ಎಲ್ಲಿ ಹೊರಬೀಳುತ್ತದೆಂದು ಕಾದು ನೋಡುವುದೂ ಉಂಟಂತೆ.

“ಅಪ್ಪಾ, ನಮ್ಮ ಮನೆಯ ಹಿಂದಿನ ಪೋರ್ಷನ್ನಿನ ನೀರು ಎಲ್ಲಿಗೆ ಹೋಗುತ್ತೆ?” ಎಂದಳು.

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಸುಮ್ಮನೆ ಕೇಳಿದಳು. ನಾನು ಕಾಫಿ ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಲೋಟದಲ್ಲಿ ಕಾಫಿ ಇನ್ನೂ ಅರ್ಧವಿತ್ತು.

ಆ ಪೋರ್ಷನ್ನಿನ ಕಥೆಯನ್ನು ಹೇಳಿಬಿಡುತ್ತೇನೆ. 1993ರಲ್ಲಿ ಮನೆಯ ಹಿಂದೆ ಎರಡು ಕೋಣೆ, ಅಡಿಗೆಮನೆ, ಬಚ್ಚಲು, ಕಕ್ಕಸು ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಮೇಷ್ಟರ ಸಂಬಳದಲ್ಲಿ ಮಗಳನ್ನು ಓದಿಸಬೇಕಾಗಿದ್ದವನಿಗೆ ಅದೊಂದು ಆಸರೆ. ಒಳಚರಂಡಿಯ ಕೊಳವೆ ಇದ್ದದ್ದು ರಸ್ತೆಯ ಆಚೆಯ ಮಗ್ಗುಲಲ್ಲಿ. ಅಲ್ಲಿಗೆ ಜೋಡಿಸಬೇಕಾದರೆ ರಸ್ತೆ ಅಗೆಯಬೇಕು. ಅಗೆಯಲು ಅಪ್ಪಣೆ ಬೇಕು. ಅಪ್ಪಣೆಗೆ ಹಣ ಕಟ್ಟಬೇಕು, ರಜ ಹಾಕಿ ಅಲೆಯಬೇಕು. ಮೇಸ್ತ್ರಿ ನನ್ನ ಮುಖ ನೋಡಿ, “ಯಾಕ್ ಸ್ವಾಮಿ ಇಷ್ಟೆಲ್ಲ ತಲೆನೋವು? ಮೋರಿ ಇಲ್ಲೇ ಐತಲ್ಲ” ಎಂದ. ಆ ಮಾತಿನಲ್ಲಿ ತುಂಬಾ ವಿವೇಕವಿರುವಂತೆ ನನಗೆ ಆಗ ಕಂಡಿತು. ಹೂಂ ಎಂದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು. ಮೇಲೆ ಕಲ್ಲುಚಪ್ಪಡಿ ಮುಚ್ಚಿದರು. ಚರಂಡಿ, ಒಳಚರಂಡಿ ಎಂಬ ಎರಡು ಮಾತಿನ ನಡುವೆ ಇರುವುದು ‘ಒಳ’ ಎಂಬ ಎರಡೇ ಅಕ್ಷರ. ಇಪ್ಪತ್ತೈದು ವರ್ಷ ನಾನು ಆ ಎರಡಕ್ಷರವನ್ನು ನುಂಗಿಕೊಂಡು, ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡೆ.

ಇಷ್ಟೇ ಆಗಿದ್ದರೆ, ಎಲ್ಲರೂ ಮಾಡುವುದೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಆದರೆ ನನಗೆ ಒಬ್ಬಳು ಅಕ್ಕನಿದ್ದಾಳೆ.

ಅಕ್ಕನನ್ನು ಕೊಟ್ಟದ್ದು ಬಿಡದಿಯಾಚೆ, ಬೈರಮಂಗಲದ ಕೆರೆಯ ಕೆಳಗಿನ ಒಂದು ಹಳ್ಳಿಗೆ. ವೃಷಭಾವತಿ ಬೆಂಗಳೂರನ್ನು ಬಿಟ್ಟು ಹೋಗಿ ತುಂಬುವುದು ಆ ಕೆರೆಯನ್ನೇ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜಕ್ಕೆ ಅಲ್ಲಿಗೆ ಹೋದರೆ ಮರಳುತ್ತಿದ್ದದ್ದು ಶಾಲೆ ತೆರೆದ ಮೇಲೆ. ಕೆರೆಯ ಕಾಲುವೆಯಲ್ಲಿ ಈಜು ಕಲಿತೆ. ಭಾವನವರ ಗದ್ದೆಯ ಅಕ್ಕಿ ನಮ್ಮ ಮನೆಗೂ ಒಂದು ಮೂಟೆ ಬರುತ್ತಿತ್ತು. ಹಿಪ್ಪುನೇರಳೆ ಇತ್ತು, ಮನೆಯೊಳಗೆ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ರಾತ್ರಿ ಸಣ್ಣ ಮಳೆ ಹುಯ್ದ ಹಾಗೆ ಕೇಳುತ್ತಿತ್ತು. ಈಗ ಗದ್ದೆಯಿಲ್ಲ. ಆ ನೀರಿಗಿಳಿದರೆ ಕಾಲು ತುರಿಸುತ್ತದೆಂದು ಆಳುಗಳು ನಾಟಿಗೆ ಬರುವುದನ್ನು ಬಿಟ್ಟರು. ದನದ ಹುಲ್ಲು ಬೆಳೆಯುತ್ತಾರೆ. ಬಾವಿ ಇದೆ, ಕುಡಿಯುವವರಿಲ್ಲ. ಕೊಳೆತ ನೀರಿನಿಂದೇಳುವ ಗಂಧಕದ ಗಾಳಿಗೆ ದೇವರ ಮನೆಯ ಬೆಳ್ಳಿದೀಪ ಕಪ್ಪಾಗುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಕನ ಬೆರಳು ಸವೆದಿವೆ.

ಒಂದು ಸಲ ಹೋಗಿದ್ದಾಗ ಕೋಡಿಯಲ್ಲಿ ಆಳೆತ್ತರ ನೊರೆ ನಿಂತಿತ್ತು. ಗಾಳಿಗೆ ಹಾರಿ ಬಂದ ನೊರೆಯ ತುಣುಕೊಂದು ನನ್ನ ಪಂಚೆಯ ಮೇಲೆ ಕೂತಿತು. ಅಕ್ಕ ನಗುತ್ತಾ, “ನೀನು ಬೆಂಗಳೂರಲ್ಲಿ ಹೊತ್ತಾರೆ ಮೈಗೆ ಹಚ್ಚಿಕೊಂಡ ಸೋಪು ಕಣೋ ಇದು. ನಿನ್ನ ಗುರುತು ಹಿಡಿದು ಬಂದಿದೆ” ಎಂದಳು. ನಾನೂ ನಕ್ಕೆ. ಹಿಂದಿನ ಪೋರ್ಷನ್ನು ಕಟ್ಟಿಸಿ ಆಗ ಹತ್ತು ವರ್ಷವಾಗಿತ್ತು.

ಸ್ಯಾನ್ ಹೋಸೆಯ ಅಡಿಗೆಮನೆಯಲ್ಲಿ ಅರ್ಧ ಲೋಟ ಕಾಫಿ ಹಿಡಿದು ನಿಂತವನಿಗೆ ನೆನಪಾದದ್ದು ಅಕ್ಕನ ಆ ನಗು.

ಊರಿಗೆ ಬಂದವನೇ ಶೆಟ್ಟರ ಅಂಗಡಿಗೆ ಹೋಗಿ ಬಟ್ಟೆಗೆ ಹಾಕುವ ನೀಲಿ ನಾಲ್ಕು ಸೀಸೆ ತಂದೆ. ನನ್ನಾಕೆ ನೋಡಿ, “ಇರೋದು ನಿಮ್ಮ ಎರಡು ಬಿಳೀ ಪಂಚೆ, ಅದಕ್ಕೆ ಇಷ್ಟೊಂದು ನೀಲಿಯೇ?” ಎಂದಳು. ಸಮಾಚಾರ ಹೇಳಿದೆ. “ಮೋರಿಗೆ ಹೋಗುತ್ತೆ ಅಂತ ನಿಮಗೆ ಗೊತ್ತೇ ಇದೆಯಲ್ಲ, ನೀಲಿ ಯಾಕೆ ಹಾಳುಮಾಡುತ್ತೀರಿ?” ಎಂದಳು. ಅದೂ ನಿಜ. ಆದರೆ ಗೊತ್ತಿರುವುದೇ ಬೇರೆ, ಕಣ್ಣಾರೆ ಕಾಣುವುದೇ ಬೇರೆ. ಬಾಡಿಗೆಯವರ ಹುಡುಗನನ್ನು ರಸ್ತೆಯ ಚಪ್ಪಡಿಯ ಸಂದಿಯ ಬಳಿ ಕಾವಲು ನಿಲ್ಲಿಸಿ, ಬಚ್ಚಲಿಗೆ ಎರಡು ಸೀಸೆ ನೀಲಿ ಹೊಯ್ದು, ಮೇಲೆ ನಾಲ್ಕು ಕೊಡ ನೀರು ಸುರಿದೆ.

“ತಾತಾ, ಬಂತು! ನೀಲಿ ಬಂತು!” ಎಂದು ಹುಡುಗ ಕೂಗಿದ.

ಹೋಗಿ ನೋಡಿದೆ. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಬಳಿಸಿದ ಬಣ್ಣ, ಅದೇ ಅಚ್ಚ ನೀಲಿ, ನಮ್ಮ ಮನೆಯ ಮುಂದೆ ಹರಿಯುತ್ತಿತ್ತು.

ಅದರ ಹಿಂದೆಯೇ ಹೊರಟೆ. ಚಪ್ಪಡಿಯ ಸಂದಿಗಳಲ್ಲಿ ಇಣುಕಿ ಇಣುಕಿ ನೋಡುತ್ತಾ ನಡೆಯುವ ಮುದುಕನನ್ನು ಕಂಡು ಬೀದಿಯವರು ಏನಂದುಕೊಂಡರೋ! ಮೂರು ಮನೆಯಾಚೆ ಹೊಸದಾಗಿ ಕಟ್ಟುತ್ತಿದ್ದ ಮಹಡಿಮನೆಯವರು ಸಿಮೆಂಟಿನ ಬಾಣಲೆ ತೊಳೆದು ಬೂದುನೀರನ್ನು ಮೋರಿಗೆ ಬಿಟ್ಟಿದ್ದರು. ತಿರುವಿನಲ್ಲಿ ಸ್ಕೂಟರ್ ರಿಪೇರಿಯವನು ಎಂಜಿನ್ನಿನಿಂದ ತೆಗೆದ ಕರಿಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಿ ಮೇಲೆ ಮಣ್ಣೆರಚಿದ್ದ. ಮಳೆ ಬಂದರೆ ಮಣ್ಣು, ಎಣ್ಣೆ ಎರಡೂ ಇಳಿಯುವುದು ಇಲ್ಲಿಗೇ. ಹೋಟೆಲಿನ ಹಿಂಬದಿಯಿಂದ ಜಿಡ್ಡಿನ ನೀರು. ಎರಡನೆಯ ಅಡ್ಡರಸ್ತೆಗೆ ಬರುವ ಹೊತ್ತಿಗೆ ನನ್ನ ನೀಲಿ ಮಾಯವಾಗಿತ್ತು, ಎಲ್ಲ ಸೇರಿ ಮೋರಿಯ ಬಣ್ಣ ಬಂದಿತ್ತು.

ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳದ ಕವಿಯಿಲ್ಲ. ಆ ಮೊದಲ ಮಳೆಯೇ ಹೊಳೆಗೂ ಕೆರೆಗೂ ಕಂಟಕ. ನಾಲ್ಕು ತಿಂಗಳ ಬೇಸಿಗೆಯಲ್ಲಿ ಬೀದಿಯ ಮೇಲೆ ಕೂತ ಎಣ್ಣೆ, ಟಯರಿನ ಪುಡಿ, ನಾಯಿಯ ಹೇಲು, ಎಲೆಯಡಿಕೆಯ ಉಗುಳು, ಕೊಳೆತ ತರಕಾರಿ ಎಲ್ಲವನ್ನೂ ಅದು ಒಂದೇ ಗಂಟೆಯಲ್ಲಿ ಬಾಚಿಕೊಂಡು ಹೋಗಿ ಒಪ್ಪಿಸುತ್ತದೆ. ಆ ಹೊಲಸನ್ನು ಕೊಳೆಸುವ ಕ್ರಿಮಿಗಳು ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ, ಮೀನಿಗೆ ಉಸಿರಾಡಲು ಉಳಿಯುವುದಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಊರಿನ ಇನ್ನೊಂದು ಮಗ್ಗುಲಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನೂ, 2017ರಲ್ಲಿ ಕೆರೆ ಮತ್ತೆ ಹೊಗೆಯಾಡಿದ್ದನ್ನೂ ಓದುಗರು ಮರೆತಿರಲಾರರು. ನೀರಿಗೆ ಬೆಂಕಿ ಬೀಳುತ್ತದೆಂದು ನಾನು ಯಾವ ಭೂಗೋಳದ ಪುಸ್ತಕದಲ್ಲೂ ಓದಿರಲಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬ ವಕೀಲ. ಅವನ ಬಳಿ ಹೋಗಿ, ನಮ್ಮಲ್ಲಿ ಇದಕ್ಕೆ ಕಾನೂನಿದೆಯೇ ಎಂದು ಕೇಳಿದೆ. ಅವನು 1974ರ ಜಲಮಾಲಿನ್ಯದ ಕಾಯಿದೆಯನ್ನು ತೆಗೆದು ಮುಂದಿಟ್ಟ. ಅದನ್ನು ಮೊದಲಿಗೇ ಒಪ್ಪಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ‘ಹೊಳೆ’ ಎಂದರೇನು ಎಂದು ವಿವರಿಸಿದ್ದಾರೆ: ನದಿ ಸೇರಿತು, ನೀರು ಹರಿಯುವ ಜಾಡೂ ಸೇರಿತು, ಆ ಜಾಡಿನಲ್ಲಿ ಈಗ ನೀರಿರಲಿ, ಸದ್ಯಕ್ಕೆ ಒಣಗಿರಲಿ. ಕಾನೂನಿನ ಪುಸ್ತಕದಲ್ಲಿ ಇಂಥ ಮಾತು ಬರೆದವರು ಯಾರೋ, ಅವರಿಗೆ ನಮ್ಮ ದೇಶದ ಬೇಸಿಗೆ ಚೆನ್ನಾಗಿ ಗೊತ್ತಿರಬೇಕು. ಒಣಗಿದ ಹೊಳೆಯೂ ಹೊಳೆಯೇ! ಅದಕ್ಕೆ ವಿಷವಸ್ತುವನ್ನು, ಹೊಲಸನ್ನು ತಿಳಿದೂ ತಿಳಿದೂ ಬಿಡಬಾರದು; ಕೊಳಚೆ ಬಿಡುವ ಹೊಸ ಕಂಡಿಯನ್ನು ಮಂಡಳಿಯ ಒಪ್ಪಿಗೆಯಿಲ್ಲದೆ ತೆರೆಯಬಾರದು.

“ಇದೆಲ್ಲ ಕಾರ್ಖಾನೆಯವರಿಗಲ್ಲವೇನಪ್ಪ?” ಎಂದೆ.

“‘ಯಾವ ವ್ಯಕ್ತಿಯೂ’ ಅಂತಿದೆ ಮೇಷ್ಟ್ರೇ. ಭೂಗೋಳದ ಮೇಷ್ಟರನ್ನು ಬಿಟ್ಟು ಅಂತ ಬರೆದಿಲ್ಲ” ಎಂದ. ಅವನ ನಕ್ಷೆಗೂ ನಾನು ಅರ್ಧ ಅಂಕ ಕಳೆದಿದ್ದಿರಬೇಕು.

ಮುಂದಿನ ಐದು ತಿಂಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಯಾವ ಕಚೇರಿ, ಯಾವ ಮೇಜು ಎಂದು ಹೇಳುವುದಿಲ್ಲ. ಜೋಡಣೆಗೊಂದು ಅರ್ಜಿ, ರಸ್ತೆ ಅಗೆಯಲೊಂದು ಅರ್ಜಿ, ಮನೆಯ ನಕ್ಷೆಯ ಪ್ರತಿ, ಕಂದಾಯದ ರಸೀತಿ. “ಇಷ್ಟು ದಿನ ಹೇಗೆ ನಡೆಯುತ್ತಿತ್ತು?” ಎಂದು ಗುಮಾಸ್ತರೊಬ್ಬರು ಕೇಳಿದರು. “ಮೋರಿಗೆ ಬಿಟ್ಟಿದ್ದೆ” ಎಂದೆ. “ಈಗೇನು ತೊಂದರೆ ಆಗಿದೆ?” ಎಂದರು. “ನನಗೇನೂ ತೊಂದರೆಯಿಲ್ಲ” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಂದು ಗಳಿಗೆ ನೋಡಿದರು. ಹೊಳೆಗೆ ಹೊಲಸು ಬಿಡುವುದಕ್ಕೆ 1993ರಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ, ಯಾರೂ ಬಂದು ತಡೆಯಲಿಲ್ಲ. ಬಿಡದೆ ಇರುವುದಕ್ಕೆ ಇಷ್ಟು ಅಪ್ಪಣೆಗಳು ಬೇಕಾದವು. ಮಗಳ ಊರಿನಲ್ಲಿ ನಗರಸಭೆಯನ್ನೇ ಅರ್ಜಿದಾರನಾಗಿ ನಿಲ್ಲಿಸಿದ್ದರ ಒಳಗುಟ್ಟು ನನಗೆ ಆ ಬೆಂಚಿನ ಮೇಲೆ ಕುಳಿತಾಗ ಚೆನ್ನಾಗಿ ಮನಸ್ಸಿಗೆ ಬಂತು. ಮೋರಿಯಿಂದ ಹೊಳೆಗೆ ಬಿದ್ದದ್ದಕ್ಕೆಲ್ಲ ಊರೇ ಉತ್ತರ ಹೇಳಬೇಕೆಂದಾದರೆ, ನನ್ನಂಥವನ ಮನೆ ಬಾಗಿಲಿಗೆ ಊರಿನವರೇ ನೀಲಿ ಹಿಡಿದು ಬರುತ್ತಾರೆ. ನಾನು ಅವರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಅಂತೂ ಒಂದು ದಿನ ರಸ್ತೆ ಅಗೆದರು. ಎಲ್ಲ ಸೇರಿ 41,000 ರೂಪಾಯಿ ಆಯಿತು. ರಸ್ತೆಗೆ ಅಡ್ಡಲಾಗಿ ಗುಂಡಿ ಬಿದ್ದ ಮೂರು ದಿನ ಎದುರುಮನೆಯವರು ನನ್ನೊಡನೆ ಮಾತು ಬಿಟ್ಟರು. “ಇಪ್ಪತ್ತೈದು ವರ್ಷ ಇಲ್ಲದ ಮಡಿ ಈಗ ಬಂತು ಮೇಷ್ಟರಿಗೆ” ಎಂದು ಯಾರೋ ಹಿಂದಿನಿಂದ ಆಡಿದ್ದೂ ಕಿವಿಗೆ ಬಿತ್ತು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗುಂಡಿ ಮುಚ್ಚಿದ ದಿನ ಸಂಜೆ ಮೂರನೆಯ ಸೀಸೆಯನ್ನು ಬಚ್ಚಲಿಗೆ ಹೊಯ್ದೆ. ಹುಡುಗ ಚಪ್ಪಡಿಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಅರ್ಧ ಗಂಟೆ ಕಾದೆವು. “ಬರಲಿಲ್ಲ ತಾತ” ಎಂದ, ಸ್ವಲ್ಪ ನಿರಾಶೆಯಿಂದಲೇ. ಮೋರಿಯಲ್ಲಿ ನೀರೇನೋ ಹರಿಯುತ್ತಲೇ ಇತ್ತು, ಮೇಲಿನ ಮನೆಗಳದು. ವಾಸನೆಯೂ ಮೊದಲಿನಂತೆಯೇ ಇತ್ತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನು ಮೊದಲಿನಿಂದ ಹೇಳಿದೆ. ಇಪ್ಪತ್ತೈದು ವರ್ಷದ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಲೈನು ತಪ್ಪಿತೇನೋ ಎಂದುಕೊಂಡೆ.

“ನಿಮ್ಮ ಬೀದೀಲಿ ಎಷ್ಟು ಮನೆ ಇವೆಯೋ?” ಎಂದಳು ಕೊನೆಗೆ.

“ನಲವತ್ತು ಇರಬಹುದು ಅಕ್ಕ.”

“ಹೂಂ” ಎಂದಳು. ಆಮೇಲೆ ಮಗಳು ಮೊಮ್ಮಕ್ಕಳ ಸಮಾಚಾರ ಕೇಳಿದಳು. ಭಾವನವರ ಮಂಡಿನೋವಿನ ಮಾತಾಯಿತು.

ಮಾರನೆಯ ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರುಮನೆಯವರು ಗೇಟಿನ ಬಳಿ ನಿಂತಿದ್ದರು. ಮೂರು ದಿನದ ಮೌನ ಮುರಿದು, ರಸ್ತೆಯ ತೇಪೆಯನ್ನು ನೋಡುತ್ತಾ, “ಅಲ್ಲ ಸಾರ್, ನಮ್ಮ ಮನೆ ಕಟ್ಟಿಸಿದ್ದು ನಮ್ಮ ತಂದೆಯವರು. ನಮ್ಮದು ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ. ಆ ನೀಲಿ ಇನ್ನೂ ಇದೆಯಾ?” ಎಂದರು.

ಒಂದು ಸೀಸೆ ಉಳಿದಿತ್ತು. ಹಾಲಿನ ಪಾತ್ರೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ತರಲು ಒಳಗೆ ಹೋದೆ.